ಲಕ್ಷ್ಮಿ ಬರುವ ಸಂಜೆ ಅಂಗಳದಲ್ಲೊಂದು ದೆವ್ವ

“ಲಕ್ಷ್ಮೀಪೂಜೆಯ ಸಂಜೆ ಮನೆಯ ಮುಂದೆ ದೆವ್ವವನ್ನು ತೂಗುಹಾಕುತ್ತೀರಾ? ಈ ವಯಸ್ಸಿನಲ್ಲಿ ನಿಮಗೆ ಇದೆಲ್ಲ ಬೇಕೆ?”

ನಮ್ಮಾಕೆಯ ಈ ಪ್ರಶ್ನೆಗೆ ನನಗೆ ಒಡನೆಯೇ ಉತ್ತರ ತೋಚಲಿಲ್ಲ. ಮೂವತ್ತು ವರ್ಷಗಳ ಕಾಲ ಮಲೆನಾಡಿನ ಹೈಸ್ಕೂಲುಗಳಲ್ಲಿ ವಿಜ್ಞಾನದ ಪಾಠ ಹೇಳಿ, ‘ದೆವ್ವವೆಂಬುದು ಇಲ್ಲ’ ಎಂದು ವರ್ಷಕ್ಕೊಮ್ಮೆಯಾದರೂ ಮಕ್ಕಳಿಗೆ ಸಾರಿ ನಿವೃತ್ತನಾದವನು ನಾನು. ಅಂಥ ನಾನೇ ಈಗ ಅಮೆರಿಕದಲ್ಲಿ, ಮಗಳ ಮನೆಯ ಗ್ಯಾರೇಜಿನಲ್ಲಿ, ದೆವ್ವದ ತಲೆಯನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದೆ. ಪಕ್ಕದಲ್ಲಿ ಹತ್ತು ವರ್ಷದ ಮೊಮ್ಮಗ ಅದರ ಕೈಗಳನ್ನು ಹಿಡಿದುಕೊಂಡು ಅಜ್ಜಿಯ ಮುಖವನ್ನೇ ನೋಡುತ್ತಿದ್ದ.

ಆ ವರ್ಷದ ಪಂಚಾಂಗವೇ ಹಾಗಿತ್ತು. 2024ರ ಅಕ್ಟೋಬರ್ 31, ಗುರುವಾರ. ನಸುಕಿನಲ್ಲಿ ನರಕ ಚತುರ್ದಶಿಯ ಎಣ್ಣೆನೀರು. ಅಂದೇ ಅಲ್ಲಿ ಅಮಾವಾಸ್ಯೆ ಹತ್ತಿದುದರಿಂದ ಸಂಜೆಗೆ ಲಕ್ಷ್ಮೀಪೂಜೆ. ಅಮೆರಿಕದವರ ಹ್ಯಾಲೋವೀನ್ ಹಬ್ಬವೂ ಸರಿಯಾಗಿ ಅದೇ ಸಂಜೆ. ನಮ್ಮದು ದೀಪಗಳ ಹಬ್ಬ, ಅವರದು ದೆವ್ವಗಳ ಹಬ್ಬ. ಎರಡಕ್ಕೂ ಇದ್ದುದು ಒಂದೇ ಅಂಗಳ.

ದೆವ್ವದ ಹಬ್ಬದ ಹುಟ್ಟು

ಕ್ರೈಸ್ತರು ನವೆಂಬರ್ 1ರಂದು ಸಕಲ ಸಂತರ ದಿನವನ್ನು ಆಚರಿಸುತ್ತಾರೆ. ಅದರ ಹಿಂದಿನ ಸಂಜೆಗೆ ಇಂಗ್ಲಿಷಿನಲ್ಲಿದ್ದ ಹೆಸರೇ ಸವೆದು ‘ಹ್ಯಾಲೋವೀನ್’ ಆಯಿತು. ಅದಕ್ಕೂ ಹಿಂದೆ ಐರ್ಲೆಂಡ್, ಸ್ಕಾಟ್ಲೆಂಡುಗಳ ಕೆಲ್ಟಿಕ್ ಜನರು ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ಹೊತ್ತಿಗೆ ‘ಸೌವಿನ್’ ಎಂಬ ಹಬ್ಬವನ್ನು ಮಾಡುತ್ತಿದ್ದರು. ಅಂದು ಸತ್ತವರ ಲೋಕದ ಬಾಗಿಲು ತೆರೆದಿರುತ್ತದೆಂಬುದು ಅವರ ನಂಬಿಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಷಾಮಕ್ಕೆ ಸಿಕ್ಕಿ ಹಡಗು ಹತ್ತಿದ ಐರಿಷರು ಈ ಆಚರಣೆಯನ್ನೂ ಜೊತೆಗೆ ಒಯ್ದರು. ಊರಿನಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದವರಿಗೆ ಹೊಸ ನಾಡಿನಲ್ಲಿ ಅದಕ್ಕಿಂತ ದೊಡ್ಡದಾದ, ಕೊರೆಯುವುದಕ್ಕೂ ಸುಲಭವಾದ ಕುಂಬಳಕಾಯಿ ದೊರೆಯಿತು. ಹಲ್ಲು ಕಿರಿದ ಕುಂಬಳಕಾಯಿಯ ಮುಖ ಆ ಹಬ್ಬದ ಗುರುತಾದದ್ದು ಹೀಗೆ.

ಮಕ್ಕಳು ವೇಷ ತೊಟ್ಟು ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲಿ ಹರಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಕ್ಕರೆಗೆ ಪಡಿತರ ಬಂದು ಅದು ಮಂಕಾಯಿತು; 1947ರಲ್ಲಿ ಪಡಿತರ ತೆಗೆದ ಮೇಲೆ ಮತ್ತೆ ಚಿಗುರಿತು. 1950ರಿಂದ ಮಕ್ಕಳು ಮಿಠಾಯಿಯ ಚೀಲದೊಡನೆ ಯೂನಿಸೆಫ್ ಸಂಸ್ಥೆಗಾಗಿ ಕಾಸಿನ ಡಬ್ಬಿಯನ್ನೂ ಹಿಡಿದು ಹೊರಟರು. ಈಗಂತೂ ಇದು ಭಾರಿ ವ್ಯಾಪಾರ. ಆ ದೇಶದ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟವು 2023ರ ಹ್ಯಾಲೋವೀನ್ ವೆಚ್ಚವನ್ನು 1220 ಕೋಟಿ ಡಾಲರೆಂದು ಅಂದಾಜು ಮಾಡಿತ್ತು.

ಹನ್ನೆರಡಡಿಯ ನೆರೆಯವನು

ಮಗಳ ಮನೆ ಇರುವುದು ನ್ಯೂಜೆರ್ಸಿ ಸಂಸ್ಥಾನದ ಎಡಿಸನ್ ಪಟ್ಟಣದಲ್ಲಿ. ಥಾಮಸ್ ಆಲ್ವಾ ಎಡಿಸನ್ನನ ಮೆನ್ಲೋ ಪಾರ್ಕ್ ಪ್ರಯೋಗಶಾಲೆ ಇದ್ದ ಸ್ಥಳ ಅದೇ. 1877ರಲ್ಲಿ ಮಾತನಾಡುವ ಯಂತ್ರ, 1879ರಲ್ಲಿ ವಿದ್ಯುದ್ದೀಪ, ಎರಡೂ ಅಲ್ಲಿಯೇ ಸಿದ್ಧವಾದುವು. ಪಟ್ಟಣಕ್ಕೆ ಅವನ ಹೆಸರು ಬಂದದ್ದು 1954ರಲ್ಲಿ. ಈಗ ಆ ಊರಿನಲ್ಲಿ ಭಾರತೀಯರ ಸಂಖ್ಯೆ ಎಷ್ಟೆಂದರೆ ಕರಿಬೇವಿಗೂ ವೀಳ್ಯದೆಲೆಗೂ ಎಲ್ಲಿಯೂ ಅಲೆಯಬೇಕಾಗಿಲ್ಲ.

ಎದುರು ಮನೆಯವರು ಅಕ್ಟೋಬರ್ ಮೊದಲ ವಾರದಲ್ಲಿಯೇ ಅಂಗಳದಲ್ಲಿ ಒಂದು ಅಸ್ಥಿಪಂಜರವನ್ನು ನಿಲ್ಲಿಸಿದರು. ಎತ್ತರ ಹನ್ನೆರಡು ಅಡಿ. 2020ರಲ್ಲಿ ಒಂದು ದೊಡ್ಡ ಅಂಗಡಿ 299 ಡಾಲರಿಗೆ ಮಾರಾಟಕ್ಕೆ ತಂದ ಈ ಬೊಂಬೆ ದೇಶವನ್ನೇ ಮರುಳುಮಾಡಿತೆಂದು ಅಳಿಯಂದಿರು ಹೇಳಿದರು. ಮೊಮ್ಮಗನಿಗೆ ಅಂಥದೇ ಒಂದು ಬೇಕು. ಮಗಳು ಬೆಲೆ ಕೇಳಿ ಒಂದೇ ಮಾತಿನಲ್ಲಿ ‘ಇಲ್ಲ’ ಎಂದಳು. ಹುಡುಗ ಎರಡು ದಿನ ಊಟದ ಮೇಜಿನ ಬಳಿ ಮಾತನಾಡಲಿಲ್ಲ. ಅವನ ತಂಗಿಗೆ ನಾಲ್ಕು ವರ್ಷ. ಅವಳದು ಬೇರೆಯ ಕಷ್ಟ. ಸಂಜೆ ವಾಯುಸಂಚಾರಕ್ಕೆ ಹೊರಟರೆ ಎದುರು ಮನೆ ದಾಟುವವರೆಗೂ ಕಣ್ಣು ಮುಚ್ಚಿ, ನನ್ನ ಪಂಚೆಯ ತುದಿಯನ್ನು ಹಿಡಿದುಕೊಂಡು ನಡೆಯುವಳು.

ನನ್ನದೂ ಒಂದು ಕಷ್ಟವಿತ್ತು. ನಾವು ಹೋಗಿ ಎರಡು ತಿಂಗಳಾಗಿತ್ತು. ನವೆಂಬರ್ ಕೊನೆಗೆ ಹಿಂದಿರುಗುವ ಟಿಕೆಟ್ಟು. ಮೊಮ್ಮಗನಿಗೆ ಕನ್ನಡ ಅರ್ಥವಾಗುತ್ತದೆ, ನಾಲಗೆಗೆ ಬಾರದು. ‘ಊಟವಾಯಿತೇನೋ’, ‘ಶಾಲೆ ಹೇಗಿತ್ತೋ’ ಎಂಬ ಎರಡು ಪ್ರಶ್ನೆಗೆ ಅವನು ಇಂಗ್ಲಿಷಿನಲ್ಲಿ ಎರಡು ಉತ್ತರ ಹೇಳಿದನೆಂದರೆ ತಾತ ಮೊಮ್ಮಗನ ಸಂಭಾಷಣೆ ಮುಗಿಯುತ್ತಿತ್ತು. ಒಂದೇ ಮನೆಯಲ್ಲಿದ್ದೂ ನಾವು ರೈಲಿನಲ್ಲಿ ಎದುರುಬದುರು ಕುಳಿತ ಪ್ರಯಾಣಿಕರಂತಿದ್ದೆವು.

ಮೂರನೆಯ ದಿನ ನಾನು ಹೇಳಿದೆ: “ಕೊಳ್ಳುವುದು ಬೇಡ ಕಣೋ. ನಾವೇ ಮಾಡೋಣ. ಅವರದು ಬರಿದೆ ನಿಂತಿದೆ. ನಮ್ಮದು ಹಾರಲಿ.”

ಮೂರು ದಾರದ ಮಾಯೆ

ರಂಗದ ಮೇಲೆ ದೆವ್ವ ತರಿಸುವ ಉಪಾಯಗಳು ಹಳೆಯವು. 1862ರ ಕ್ರಿಸ್ಮಸ್ ವೇಳೆಗೆ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬ ವಿಜ್ಞಾನೋಪನ್ಯಾಸಕ ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜಿನಲ್ಲಿ ಮರೆಯ ನಟನೊಬ್ಬನ ಪ್ರತಿಬಿಂಬವನ್ನು ತೋರಿಸಿ ಜನರನ್ನು ಬೆರಗುಗೊಳಿಸಿದ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ 1969ರಲ್ಲಿ ತೆರೆದ ದೆವ್ವದ ಬಂಗಲೆಯಲ್ಲಿ ಕುಣಿಯುವ ಪ್ರೇತಗಳಿಗೂ ಇದೇ ಉಪಾಯ. ಆದರೆ ಅದಕ್ಕೆ ಗಾಜೂ ಬೇಕು, ಕೋಣೆಯೂ ಬೇಕು. ಬಯಲು ಅಂಗಳಕ್ಕೆ ಅಮೆರಿಕದ ಹವ್ಯಾಸಿಗಳು 1990ರ ದಶಕದಿಂದ ಮಾಡುತ್ತ ಬಂದಿರುವ ಸರಳವಾದ ಬೊಂಬೆಯೊಂದುಂಟು. ಅದನ್ನು ‘ಫ್ಲೈಯಿಂಗ್ ಕ್ರ್ಯಾಂಕ್ ಗೋಸ್ಟ್’ ಎನ್ನುತ್ತಾರೆ. ಚಿತ್ರವನ್ನು ಕಂಡೊಡನೆ ನನಗೆ ಅದರ ಗುಟ್ಟು ತಿಳಿಯಿತು. ಇದು ನಮ್ಮ ಸೂತ್ರದ ಬೊಂಬೆಯೇ! ಸೂತ್ರಧಾರನ ಸ್ಥಾನದಲ್ಲಿ ಒಂದು ಮೋಟಾರು ಕುಳಿತಿದೆ, ಅಷ್ಟೆ.

ಕೆಲಸ ಹೀಗೆ. ಮರದ ಮೂರು ಪಟ್ಟಿಗಳನ್ನು ಸಮಾನ ಅಂತರದಲ್ಲಿ ಮೂರು ದಿಕ್ಕಿಗೆ ಚಾಚುವಂತೆ ಜೋಡಿಸಬೇಕು. ಒಂದೊಂದರ ಉದ್ದ ಎರಡಡಿ. ನಡುವೆ ಮೋಟಾರು, ಅದರ ಕದಿರಿಗೆ ನಾಲ್ಕಂಗುಲದ ಒಂದು ತೋಳು. ತೋಳಿನ ತುದಿಗೆ ಮೂರು ದಾರ. ಒಂದೊಂದು ದಾರವೂ ಒಂದೊಂದು ಪಟ್ಟಿಯ ತುದಿಯ ಬಳೆಗೊಕ್ಕೆಯಲ್ಲಿ ನುಸುಳಿ ಕೆಳಗಿಳಿಯುತ್ತದೆ: ಒಂದು ದೆವ್ವದ ತಲೆಗೆ, ಉಳಿದೆರಡು ಎರಡು ಕೈಗಳಿಗೆ. ಈಗ ತೋಳು ತಿರುಗಲಿ. ಅದರ ತುದಿ ತಲೆಯ ಕೊಕ್ಕೆಯ ಕಡೆಗೆ ಬಂದಾಗ ಆ ದಾರ ಸಡಿಲವಾಗಿ ತಲೆ ತಗ್ಗುತ್ತದೆ. ಆಚೆ ಸರಿದಾಗ ದಾರ ಬಿಗಿಯಾಗಿ ತಲೆ ಮೇಲೇಳುತ್ತದೆ. ಮೂರನೆಯ ಒಂದು ಸುತ್ತು ಕಳೆದ ಮೇಲೆ ಬಲಗೈಗೆ ಅದೇ ಗತಿ. ಇನ್ನೂ ಅಷ್ಟು ಕಳೆದರೆ ಎಡಗೈಗೆ. ತೋಳು ನಾಲ್ಕಂಗುಲವಾದರೆ ಏರಿಳಿತ ಎಂಟಂಗುಲ. ಯಾವ ಎರಡು ಅಂಗವೂ ಒಟ್ಟಿಗೆ ಏಳವು, ಒಟ್ಟಿಗೆ ಇಳಿಯವು. ಆದುದರಿಂದ ನೋಡುವವರ ಕಣ್ಣಿಗೆ ಅದು ದಾರದ ಬೊಂಬೆಯಲ್ಲ. ಗಾಳಿಯಲ್ಲಿ ಈಜುತ್ತ, ತಲೆಯೆತ್ತಿ ಯಾರನ್ನೋ ಹುಡುಕುತ್ತಿರುವ ಜೀವಿ.

ಇದನ್ನು ಕಾಗದದ ಮೇಲೆ ಬರೆದು ಹುಡುಗನಿಗೆ ವಿವರಿಸಿದೆ. ‘ಬಿಗಿ’, ‘ಸಡಿಲ’ ಎಂಬ ಎರಡು ಮಾತಿಗೆ ಇಂಗ್ಲಿಷ್ ಹುಡುಕುವಷ್ಟು ವ್ಯವಧಾನ ನನಗಿರಲಿಲ್ಲ. ಅವನೂ ಕೇಳಲಿಲ್ಲ. ಪೆನ್ಸಿಲನ್ನು ಕಸಿದುಕೊಂಡು ಚಿತ್ರದ ಪಕ್ಕದಲ್ಲಿ ಆ ಎರಡು ಮಾತನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ.

ಗುಜರಿಯಿಂದ ಬಂದ ಸೂತ್ರಧಾರ

ಅಳಿಯಂದಿರು ಹಳೆಯ ಕಾರುಗಳ ಗುಜರಿಯಿಂದ 20 ಡಾಲರಿಗೆ ಒಂದು ವೈಪರ್ ಮೋಟಾರನ್ನು ತಂದರು. ಮಳೆಯಲ್ಲಿ ಕಾರಿನ ಗಾಜನ್ನು ಒರೆಸುವ ಈ ಮೋಟಾರಿನ ಹೊಟ್ಟೆಯೊಳಗೆ ತಿರುಪಿನಾಕಾರದ ಹಲ್ಲುಚಕ್ರವಿರುತ್ತದೆ. ಅದರಿಂದ ವೇಗ ತಗ್ಗಿ ಬಲ ಹೆಚ್ಚುತ್ತದೆ. ಮೂರು ದಾರದ ಭಾರ ಅದಕ್ಕೆ ಲೆಕ್ಕವಿಲ್ಲ. ವಿದ್ಯುತ್ತಿಗೆ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆ. ಮನೆಯ 120 ವೋಲ್ಟನ್ನು ಅದು 12 ಮತ್ತು 5 ವೋಲ್ಟುಗಳಿಗೆ ಇಳಿಸಿ ಕೊಡುತ್ತದೆ. ಹುಡುಗನ ಕೈ ತಗಲಿದರೂ ಅಪಾಯವಾಗದ ವೋಲ್ಟಿನಲ್ಲಿಯೇ ನಮ್ಮ ದೆವ್ವ ಓಡಬೇಕೆಂಬುದು ನನ್ನ ಮೊದಲ ನಿಬಂಧನೆ. ಪೆಟ್ಟಿಗೆಯನ್ನು ಬಿಚ್ಚಕೂಡದೆಂಬುದು ಎರಡನೆಯದು.

ದೇಹವನ್ನು ಎಷ್ಟು ಹಗುರ ಮಾಡಿದರೆ ಅಷ್ಟು ಮೇಲು. ಟೊಪ್ಪಿಗೆಯ ಅಂಗಡಿಯವರು ಇಡುವ ಥರ್ಮಾಕೋಲಿನ ತಲೆ; ಬಟ್ಟೆ ತೂಗುಹಾಕುವ ತಂತಿಯನ್ನು ಬಾಗಿಸಿದ ಹೆಗಲು; ಅದೇ ತಂತಿಯ ಬೆರಳುಗಳು. ಮೇಲೆ ಬ್ಯಾಂಡೇಜಿನಂತೆ ಜಾಳಾದ ಹತ್ತಿಬಟ್ಟೆ ಆರು ಗಜ. ಅದರ ಅಂಚುಗಳನ್ನು ಕತ್ತರಿಸಿ ಹರಿಹರಿಯಾಗಿ ಜೋಲುಬಿಟ್ಟೆವು. ಕಾಲುಗಳಿಲ್ಲ. ಕಾಲಿಲ್ಲದಿರುವುದೇ ದೆವ್ವದ ಲಕ್ಷಣವಲ್ಲವೆ?

ಬಟ್ಟೆ ಹೊಳೆಯಬೇಕೆಂದಾಗ ನಮ್ಮಾಕೆ ಒಗೆಯುವ ಕೋಣೆಯಿಂದಲೇ ಸಲಹೆಯಿತ್ತರು: “ನೀಲಿ ಹಾಕಿ.” ದೆವ್ವದ ವಿಚಾರದಲ್ಲಿ ಅವರು ಆಡಿದ ಮೊದಲ ಸಹಕಾರದ ಮಾತು ಅದು. ಆದರೆ ನೀಲಿಯಿಂದ ಆ ಕೆಲಸ ಆಗದು. ನೀಲಿಯು ಬಟ್ಟೆಯ ಹಳದಿ ಛಾಯೆಯನ್ನು ಮರೆಸುತ್ತದೆಯೇ ಹೊರತು ಹೊಸ ಬೆಳಕನ್ನು ಕೊಡುವುದಿಲ್ಲ. ಈಗಿನ ಬಹುಪಾಲು ಬಟ್ಟೆಸೋಪಿನ ಪುಡಿಗಳಲ್ಲಿ ಬೇರೊಂದು ವಸ್ತುವಿರುತ್ತದೆ. ಅದು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ, ಕಣ್ಣಿಗೆ ಕಾಣುವ ನೀಲಿ ಬೆಳಕಾಗಿ ಹೊರಬಿಡುತ್ತದೆ. ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು. ಬಟ್ಟೆಯನ್ನು ಆ ಪುಡಿಯ ಗಟ್ಟಿ ನೀರಿನಲ್ಲಿ ಅದ್ದಿ, ಹಿಂಡದೆ ಒಣಗಿಸಿದೆವು. ಕತ್ತಲೆಯಲ್ಲಿ ನೇರಳಾತೀತ ದೀಪವನ್ನು ಅದರ ಮೇಲೆ ಬಿಟ್ಟಾಗ ಗ್ಯಾರೇಜಿನಲ್ಲಿ ಬೆಳುದಿಂಗಳ ತುಂಡೊಂದು ನೇತುಬಿದ್ದಂತಾಯಿತು. ಹುಡುಗ ತನ್ನ ಅಂಗಿಯ ಗುಂಡಿಗಳೂ ನನ್ನ ಬನಿಯನ್ನೂ ಹೊಳೆಯುತ್ತಿರುವುದನ್ನು ಕಂಡು ಬಿದ್ದು ಬಿದ್ದು ನಕ್ಕ.

ಎರಡು ಸೋಲು

ಹಬ್ಬಕ್ಕೆ ಹತ್ತು ದಿನ ಇದೆಯೆನ್ನುವಾಗ ಮೊದಲ ಪರೀಕ್ಷೆ. 12 ವೋಲ್ಟು ಕೊಟ್ಟೆವು. ತೋಳು ನಿಮಿಷಕ್ಕೆ ನಲವತ್ತರಷ್ಟು ಸುತ್ತು ತಿರುಗಿತು. ದೆವ್ವ ತಮಟೆಯ ಬಡಿತಕ್ಕೆ ಕುಣಿಯುವವರಂತೆ ಎಗರಾಡತೊಡಗಿತು. ನಮ್ಮಾಕೆ ನಕ್ಕರು, ಮಗಳು ನಕ್ಕಳು. ಚಿಕ್ಕವಳು ಮಾತ್ರ ಒಳಗೆ ಓಡಿದಳು. 5 ವೋಲ್ಟಿನ ತಂತಿಗೆ ಬದಲಾಯಿಸಿದಾಗ ಸುತ್ತು ಹದಿನೈದಕ್ಕಿಳಿಯಿತು. ನಾಲ್ಕು ಕ್ಷಣಕ್ಕೊಂದು ಸುತ್ತು. ಈಗ ದೆವ್ವಕ್ಕೆ ಗಾಂಭೀರ್ಯ ಬಂದಿತು. ಹೆದರಿಸುವುದು ವೇಗವಲ್ಲ, ನಿಧಾನ.

ಆ ಸಂತೋಷ ಒಂದು ನಿಮಿಷವೂ ನಿಲ್ಲಲಿಲ್ಲ. ದೆವ್ವ ತಾನಾಗಿಯೇ ಮೇಲೇರತೊಡಗಿತು. ಸುತ್ತು ಸುತ್ತಿಗೂ ಒಂದೊಂದಂಗುಲ ಮೇಲೆ. ಹನ್ನೆರಡನೆಯ ಸುತ್ತಿನ ಹೊತ್ತಿಗೆ ತಲೆ ಪಟ್ಟಿಗೆ ಬಡಿಯಿತು, ಮೀನು ಹಿಡಿಯುವ ಗಾಳದ ಕಪ್ಪು ದಾರ ಪಟ್ಟನೆ ಹರಿಯಿತು, ದೆವ್ವ ನೆಲಕ್ಕೆ ಬಿತ್ತು. ಮತ್ತೆ ಕಟ್ಟಿದೆವು, ಮತ್ತೆ ಬಿತ್ತು. ಮೂರನೆಯ ಸಲ ಮೂಗು ಮುರಿಯಿತು. ಹುಡುಗ ತಿರುಪುಳಿಯನ್ನು ಮೇಜಿನ ಮೇಲೆ ಕುಕ್ಕಿ ಒಳಗೆ ಹೋದ. ಶಾಲೆಯಲ್ಲಿ ಗೆಳೆಯರಿಗೆಲ್ಲ ಅವನು ಆಗಲೇ ಹೇಳಿಕೊಂಡಿದ್ದನಂತೆ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬೆಳಗಿನ ಜಾವ ಎದ್ದು ಗ್ಯಾರೇಜಿಗೆ ಹೋಗಿ ಮೋಟಾರನ್ನು ಕೈಯಿಂದ ತಿರುಗಿಸುತ್ತ ನೋಡಿದೆ. ತಪ್ಪು ನನ್ನದೇ. ಮೂರು ದಾರಗಳನ್ನೂ ತೋಳಿನ ತುದಿಯ ಬೋಲ್ಟಿಗೆ ಬಿಗಿಯಾಗಿ ಗಂಟು ಹಾಕಿದ್ದೆ. ತೋಳು ಒಂದು ಸುತ್ತು ಬಂದರೆ ಬೋಲ್ಟೂ ಒಂದು ಸುತ್ತು ತಿರುಗುತ್ತದೆ. ದಾರಗಳಾದರೋ ತಮ್ಮ ತಮ್ಮ ದಿಕ್ಕು ಬಿಡವು. ಆದುದರಿಂದ ಪ್ರತಿ ಸುತ್ತಿಗೂ ದಾರ ಬೋಲ್ಟಿಗೆ ಒಂದು ಸುತ್ತು ಸುತ್ತಿಕೊಳ್ಳುತ್ತಿತ್ತು. ಎಂಟು ಮಿಲಿಮೀಟರ್ ದಪ್ಪದ ಬೋಲ್ಟಿನ ಸುತ್ತಳತೆ ಸುಮಾರು ಒಂದಂಗುಲ. ಏರಿದ ಲೆಕ್ಕವೂ ಅಷ್ಟೇ! ಮೂವತ್ತು ವರ್ಷ ಪಾಠ ಹೇಳಿದವನಿಗೆ ಬಾವಿಯ ರಾಟೆಯನ್ನು ಕಂಡ ಯಾವ ಹಳ್ಳಿಯ ಹುಡುಗನಿಗೂ ತಿಳಿಯುವ ವಿಷಯ ತಿಳಿಯದೆ ಹೋಗಿತ್ತು.

ಶಾಲೆಗೆ ಹೊರಡುವ ಮುನ್ನ ಹುಡುಗನನ್ನು ಕರೆದು ಹೇಳಿದೆ: “ತಪ್ಪು ತಾತನದು ಕಣೋ. ಬೋಲ್ಟು ತಿರುಗಬೇಕು, ದಾರ ಕಟ್ಟಿದ ಜಾಗ ತಿರುಗಬಾರದು. ಅಂಥದೊಂದು ಬೇಕು.” ಅವನು ಬೋಲ್ಟನ್ನೇ ದಿಟ್ಟಿಸಿದ. ಮಹಡಿಗೆ ಓಡಿದ. ಹಿಂದಿರುಗಿದಾಗ ಅವನ ಅಂಗೈಯಲ್ಲಿ ಮೂರು ದಳದ ಹೂವಿನಂತಹ ಪ್ಲಾಸ್ಟಿಕ್ಕಿನ ಆಟಿಕೆಯೊಂದಿತ್ತು. 2017ರಲ್ಲಿ ಲೋಕದ ಮಕ್ಕಳೆಲ್ಲ ಬೆರಳ ನಡುವೆ ತಿರುಗಿಸುತ್ತಿದ್ದ ಸ್ಪಿನ್ನರ್ ಅದು. ನಡುವೆ ಬಾಲ್‌ಬೇರಿಂಗು, ಅದರ ರಂಧ್ರ ಸರಿಯಾಗಿ ಎಂಟು ಮಿಲಿಮೀಟರ್. ಸುತ್ತ ಸಮಾನ ಅಂತರದಲ್ಲಿ ಮೂರು ದಳ, ದಳಕ್ಕೊಂದು ತೂತು. ನಮಗಾಗಿ ಅಚ್ಚು ಹಾಕಿಸಿದಂತಿತ್ತು.

“ತಾತ,” ಎಂದು ಅವನು ಸ್ವಲ್ಪ ತಡವರಿಸಿದ. “ಇದು... ದಾರ... ತಿರುಗಲ್ಲ.”

ಅವನು ನನ್ನೊಡನೆ ಆಡಿದ ಮೊದಲ ಪೂರ್ತಿ ಕನ್ನಡ ವಾಕ್ಯ ಅದು. ಅಂದು ಸಂಜೆ ದೆವ್ವ ಎರಡು ಗಂಟೆಯ ಕಾಲ ತಡೆಯಿಲ್ಲದೆ ಹಾರಿತು.

ಒಣಗಿದ ಪಂಚೆ

ಇನ್ನು ಅಜ್ಜಿಯ ಅಪ್ಪಣೆ ಉಳಿದಿತ್ತು. ನಾನು ಕೇಳಿದೆ: “ಊರಿನಲ್ಲಿ ಮನೆ ಕಟ್ಟಿಸುವಾಗ ನೀನೇ ಮುಂದೆ ನಿಂತು ದೃಷ್ಟಿಬೊಂಬೆ ಕಟ್ಟಿಸಲಿಲ್ಲವೆ? ಕೋರೆಹಲ್ಲು, ಕೆಂಪು ನಾಲಗೆ. ಅದಕ್ಕಿಂತ ಇದು ಸಾಧುವಾಗಿದೆ.” ಅವರು ಬಹಳ ಹೊತ್ತು ಯೋಚಿಸಿ ಎರಡು ಕರಾರು ಹಾಕಿದರು. ದೆವ್ವ ಬಾಗಿಲಿಗೆ ಎದುರಾಗಿ ಇರಕೂಡದು. ದೀಪ ಹಚ್ಚಿ ಪೂಜೆ ಮುಗಿಯುವವರೆಗೆ ಅಲುಗಾಡಕೂಡದು. ನಾನು ಮೂರನೆಯದೊಂದನ್ನು ಸೇರಿಸಿದೆ: ಹಣತೆಗೂ ದೆವ್ವಕ್ಕೂ ಹದಿನೈದಡಿ ದೂರ. ಆ ತಿಂಗಳು ನ್ಯೂಜೆರ್ಸಿಯಲ್ಲಿ ಮಳೆಯ ಹನಿಯೇ ಇರಲಿಲ್ಲವೆನ್ನಬೇಕು. ಅಂಗಳದ ತುಂಬ ಮೇಪಲ್ ಮರದ ಒಣಗಿದೆಲೆ. ಜಾಳುಬಟ್ಟೆಗೆ ಕಿಡಿಯೊಂದು ಸಾಕು. ಎಲೆಯನ್ನೆಲ್ಲ ಗುಡಿಸಿ, ಗ್ಯಾರೇಜಿನ ಪಕ್ಕದ ಮೇಪಲ್ ಮರದ ಕೊಂಬೆಗೆ ದೆವ್ವವನ್ನು ತೂಗುಹಾಕಿದೆವು.

ಚಿಕ್ಕವಳ ಮಾತೇ ದೊಡ್ಡದಾಗಿತ್ತು. ಅವಳು ಈಗ ನಮ್ಮ ಗ್ಯಾರೇಜಿನ ಬಾಗಿಲನ್ನೂ ಕಣ್ಣು ಮುಚ್ಚಿಯೇ ದಾಟುತ್ತಿದ್ದಳು. ತನ್ನ ಮನೆಯ ಅಂಗಳದಲ್ಲಿಯೇ ಮಗು ಹೆದರಿದರೆ ಅಣ್ಣನ ಹಬ್ಬ ಏನು ಹಬ್ಬ?

ನನಗೂ ಆರೇಳು ವರ್ಷವಿದ್ದಾಗ ಇಂಥದೇ ಒಂದು ದೆವ್ವ ಗಂಟುಬಿದ್ದಿತ್ತು. ಹಿತ್ತಿಲಿನ ಹುಣಿಸೆಮರದ ಕೆಳಗೆ ರಾತ್ರಿ ಬೆಳ್ಳಗೆ ಏನೋ ಅಲುಗಾಡುತ್ತಿತ್ತು. ಚೀರಿಕೊಂಡು ಒಳಗೆ ಬಂದವನನ್ನು ನಮ್ಮ ತಂದೆ ಬೈಯಲಿಲ್ಲ, ನಗಲೂ ಇಲ್ಲ. ಲಾಂದ್ರವನ್ನು ನನ್ನ ಕೈಗೇ ಕೊಟ್ಟು, ಹಿಂದಿನಿಂದ ಹೆಗಲ ಮೇಲೆ ಕೈಯಿಟ್ಟು ನಡೆಸಿಕೊಂಡು ಹೋದರು. ಅದು ಒಣಹಾಕಿ ಮರೆತಿದ್ದ ಅವರದೇ ಪಂಚೆ. ‘ಮುಟ್ಟು’ ಎಂದರು. ಮುಟ್ಟಿದೆ. ಆ ಒದ್ದೆ ಪಂಚೆಯ ತಣ್ಪು ಈಗಲೂ ನನ್ನ ಬೆರಳಿನಲ್ಲಿದೆ.

ಹಬ್ಬದ ಹಿಂದಿನ ಮಧ್ಯಾಹ್ನ ಹಗಲು ಬೆಳಕಿನಲ್ಲಿ ಚಿಕ್ಕವಳನ್ನು ಎತ್ತಿಕೊಂಡು ಮರದ ಕೆಳಗೆ ಹೋದೆ. ಮೋಟಾರು ನಿಂತಿತ್ತು. ಮೊಮ್ಮಗ ದೆವ್ವದ ಅಂಗಿಯನ್ನೆತ್ತಿ ತಂತಿಯ ಹೆಗಲನ್ನು ತೋರಿಸಿದ. ಮುರಿದ ಮೂಗಿಗೆ ಅಂಟಿಸಿದ ಪಟ್ಟಿಯನ್ನು ತೋರಿಸಿದ. ದಾರದ ತುದಿಯೊಂದನ್ನು ಅವಳ ಬೆರಳಿಗೆ ಕೊಟ್ಟ. ಅವಳು ಹೆದರುತ್ತ ಎಳೆದಳು. ದೆವ್ವದ ಬಲಗೈ ಮೇಲೆದ್ದಿತು. ಬಿಟ್ಟಳು; ಇಳಿಯಿತು. ಮತ್ತೆ ಎಳೆದಳು. ಆಮೇಲೆ ನನ್ನ ತೋಳಿನಿಂದ ಕೆಳಗಿಳಿದು, ತನ್ನ ಕೈಯನ್ನೂ ಅದರಂತೆಯೇ ಎತ್ತಿ, “ನಮಸ್ಕಾರ ಮಾಡ್ತಿದೆ” ಎಂದಳು.

ಹಬ್ಬದ ಸಂಜೆ

31ನೆಯ ತಾರೀಕು ಅಕ್ಟೋಬರಿಗೆ ಸಲ್ಲದ ಸೆಖೆ. ನಸುಕಿನ ಅಭ್ಯಂಜನವಾಗಿ, ಹೊಸ ಬಟ್ಟೆ ತೊಟ್ಟು, ಮಕ್ಕಳು ಶಾಲೆಗೆ ಹೋಗಿ ಬಂದರು. ಆರು ಗಂಟೆಗೆ ಮುಂಚೆಯೇ ಸೂರ್ಯ ಮುಳುಗಿದ. ಬಾಗಿಲಲ್ಲಿ ರಂಗವಲ್ಲಿ, ಮೆಟ್ಟಿಲಿನ ಎರಡು ಕಡೆಗೂ ಹಣತೆಯ ಸಾಲು. ಬೆಳಕು ಪೂರ್ತಿ ಇಂಗುವ ಮೊದಲೇ ಬಂದ ದೊಡ್ಡ ಹುಡುಗರಿಬ್ಬರು ಮರದ ಕಡೆ ನೋಡಿ, “ದಾರ ಕಾಣುತ್ತದೆ” ಎಂದು ನಕ್ಕು ಮಿಠಾಯಿ ತೆಗೆದುಕೊಂಡು ಹೋದರು. ಮೊಮ್ಮಗನ ಮುಖ ಬಾಡಿತು. “ತಾಳು, ಕತ್ತಲೆ ನಮ್ಮ ಕಡೆ” ಎಂದೆ.

ಮಂಗಳಾರತಿ ಮುಗಿಯಿತು. ನಮ್ಮಾಕೆ ಕಣ್ಣಿಗೆ ಆರತಿ ಒತ್ತಿಕೊಂಡು, “ಹ್ಞೂ, ಈಗ ನಿಮ್ಮದನ್ನು ಬಿಡಿ” ಎಂದರು. ಹುಡುಗ ಗುಂಡಿ ಒತ್ತಿದ.

ಬೀದಿಯಲ್ಲಿ ಬರುತ್ತಿದ್ದ ಮಕ್ಕಳ ಗುಂಪು ನಿಂತಿತು. ಒಂದು ಕ್ಷಣ ಸದ್ದಿಲ್ಲ. ಅನಂತರ ಒಂದು ಚೀತ್ಕಾರ, ಅದರ ಬೆನ್ನಿಗೆ ನಗೆ. ಕಪ್ಪು ಮರದ ನಡುವೆ ನೀಲಿಬಿಳುಪಿನ ಆಕೃತಿ ತಲೆಯೆತ್ತಿ, ಕೈಚಾಚಿ, ತಗ್ಗಿ, ಮತ್ತೆ ಏಳುತ್ತಿತ್ತು. ಆ ಇಬ್ಬರು ದೊಡ್ಡ ಹುಡುಗರೂ ಮತ್ತೊಮ್ಮೆ ಬಂದರು. ಮೊಮ್ಮಗನನ್ನು ಹೆಸರು ಹಿಡಿದು ಕರೆದು, ಇದನ್ನು ಎಲ್ಲಿ ಕೊಂಡಿರಿ ಎಂದು ಕೇಳಿದರು. ಅವನು ಉತ್ತರ ಹೇಳುವ ಮೊದಲು ಒಮ್ಮೆ ನನ್ನ ಕಡೆ ನೋಡಿದ.

ಏಳೂವರೆಯ ಹೊತ್ತಿಗೆ ಜೇನ್ನೊಣದ ವೇಷ ತೊಟ್ಟ ಪುಟ್ಟ ಮಗುವೊಂದು ತಾಯಿಯ ಕಾಲನ್ನು ತಬ್ಬಿಕೊಂಡು ಅಳತೊಡಗಿತು. ಮೊಮ್ಮಗ ಕೂಡಲೇ ಮೋಟಾರನ್ನು ನಿಲ್ಲಿಸಿದ. ಆಗ ನಮ್ಮ ಚಿಕ್ಕವಳು ಜರಿಯ ಲಂಗವನ್ನು ಎತ್ತಿ ಹಿಡಿದು ಮೆಟ್ಟಿಲಿಳಿದಳು. ಅಳುವ ಮಗುವಿನ ಕೈ ಹಿಡಿದು ಮರದ ಕೆಳಗೆ ಕರೆದುಕೊಂಡು ಹೋಗಿ, ದಾರವನ್ನು ಅದರ ಬೆರಳಿಗೆ ಕೊಟ್ಟಳು. ಇಬ್ಬರೂ ಎಳೆದರು. ದೆವ್ವ ನಮಸ್ಕಾರ ಮಾಡಿತು. ಆ ತಾಯಿ ಹಣತೆಗಳ ಕಡೆ ಕೈ ತೋರಿಸಿ, ಇದು ಯಾವ ಹಬ್ಬವೆಂದು ಕೇಳಿದಳು. ನಮ್ಮಾಕೆ ತಮಗೆ ತಿಳಿದಷ್ಟು ಇಂಗ್ಲಿಷಿನಲ್ಲಿ ನರಕಾಸುರನ ಕಥೆಯನ್ನು ಪೂರ್ತಿ ಹೇಳಿಯೇ ಅವರನ್ನು ಕಳುಹಿಸಿದರು.

ರಾತ್ರಿ ಒಂಬತ್ತಕ್ಕೆ ಬೀದಿ ಖಾಲಿಯಾಯಿತು. ನಾನು ದೀಪವನ್ನು ಆರಿಸಲು ಎದ್ದೆ. “ಇನ್ನೊಂದು ಸ್ವಲ್ಪ ಹೊತ್ತು ಆಡಲಿ ಬಿಡಿ” ಎಂದರು ನಮ್ಮಾಕೆ. ಮೆಟ್ಟಿಲ ಮೇಲೆ ಕುಳಿತು ಕೊಬ್ಬರಿ ಮಿಠಾಯಿ ತಿನ್ನುತ್ತ ಅದನ್ನೇ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಅವರಿಗೆ ಹೊಳೆಯಿತು: “ಅಲ್ಲಾ, ದಸರೆಯ ಬೊಂಬೆ ಕೂರಿಸಿದಾಗ ಇದರಲ್ಲಿ ಹನುಮಂತನನ್ನು ಹಾರಿಸಬಹುದಲ್ಲ!”

ಮಾಡಬಯಸುವವರಿಗೆ

ಹಾರಿಸಬಹುದು, ಆದುದರಿಂದ ನಾಲ್ಕು ಮಾತು. ಬೊಂಬೆ ಹಗುರವಾಗಿರಲಿ, ಚಲನೆ ನಿಧಾನವಾಗಿರಲಿ. ದಾರವನ್ನು ಎಂದಿಗೂ ಬೋಲ್ಟಿಗೆ ನೇರವಾಗಿ ಕಟ್ಟಬೇಡಿ, ನಡುವೆ ಬೇರಿಂಗಿರಲಿ. ತಿರುಗುವ ತೋಳಿಗೆ ಮಕ್ಕಳ ಬೆರಳು ಎಟುಕದಷ್ಟು ಎತ್ತರವಿರಲಿ, ಏಕೆಂದರೆ ವೈಪರ್ ಮೋಟಾರು ಬೆರಳಿಗೆ ಸಿಕ್ಕಿದರೂ ನಿಲ್ಲುವುದಿಲ್ಲ. ವಿದ್ಯುತ್ ಪೆಟ್ಟಿಗೆ ಮನೆಯೊಳಗೆ ಒಣಗಿದ ಜಾಗದಲ್ಲಿರಲಿ. ಹೊರಗಿನ ದೀಪಕ್ಕೆ, ವಿದ್ಯುತ್ತು ಸೋರಿದೊಡನೆ ತಾನಾಗಿ ಕಡಿದುಕೊಳ್ಳುವ ಭದ್ರತೆಯ ಪ್ಲಗ್ಗನ್ನೇ ಬಳಸಿ. ನೇರಳಾತೀತ ದೀಪವನ್ನು ನೋಡುವವರ ಕಣ್ಣಿಗೆ ಬೀಳದಂತೆ ಮರೆಮಾಡಿ. ನಮಗೆ ಒಟ್ಟು ತಗುಲಿದ ವೆಚ್ಚ 60 ಡಾಲರಿನ ಒಳಗೆ. ಕಾಲ ಮೂರು ವಾರ.

ನಾವು ನವೆಂಬರಿನಲ್ಲಿ ಊರಿಗೆ ಮರಳಿದೆವು. ಮರುವರ್ಷದ ಅಕ್ಟೋಬರಿನಲ್ಲಿ ಒಂದು ಬೆಳಗ್ಗೆ, ನಾನಿನ್ನೂ ಕಾಫಿ ಕುಡಿಯುತ್ತಿರುವಾಗ ದೂರವಾಣಿ ಗಂಟೆ ಬಾರಿಸಿತು. ಮೊಮ್ಮಗ. ಕ್ಷೇಮಸಮಾಚಾರವಿಲ್ಲ, ಪೀಠಿಕೆಯಿಲ್ಲ.

“ತಾತ, ಎಡಗೈ ದಾರ ಸಡಿಲ. ಬಿಗಿ ಮಾಡಿದರೆ ತಲೆ ಬಾಗುತ್ತೆ. ಏನು ಮಾಡಲಿ?”

ಕಾಫಿ ಆರಿಹೋಯಿತು. ಅರ್ಧ ಗಂಟೆ ಮಾತನಾಡಿದೆವು.